ಅವರು ಕಾಯ್ದ ಗೆರೆ

ನನ್ನ ಗಂಡ ಮಿನೋಬೆ ಕುನಿಹಿಕೊ ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು. ಕ್ಯೋಟೊದಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದರು. ಚಳಿಗಾಲದಲ್ಲಿ ಒಂದು ವಾರ ಮಾತ್ರ ರಜೆ ಹಾಕಿ ಟೆನಿಸ್ ಪಂದ್ಯದಲ್ಲಿ ಗೆರೆ ಕಾಯಲು, ಅಂದರೆ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ನೋಡಿ ಹೇಳಲು, ಹೋಗುತ್ತಿದ್ದರು. ನಾನು ಹೆಚ್ಚು ಓದಿದವಳಲ್ಲ. ಗೊತ್ತಿದ್ದಷ್ಟು ಬರೆಯುತ್ತೇನೆ.

ಅವರ ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೇ ಚಾವಣಿ ಇರುವ ಕ್ರೀಡಾಂಗಣ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ಗಂಡಸರ ಟೆನಿಸ್ ಪಂದ್ಯಾವಳಿ. ಆಡಿಯೇ ಹೊಟ್ಟೆ ಹೊರೆಯುವವರು ದೇಶ ದೇಶಗಳಿಂದ ಬರುತ್ತಾರೆ. ದೊಡ್ಡ ಹೆಸರಿನವರಲ್ಲ, ದೊಡ್ಡ ಚೀಲ ಹೊತ್ತು ಬಸ್ಸಿನಲ್ಲೇ ಬರುವವರು. ಹೊರಗೆ ಹಿಮ ಬೀಳುತ್ತಿದ್ದರೆ ಒಳಗೆ ಚಡ್ಡಿಯಲ್ಲಿ ಆಡುತ್ತಿರುತ್ತಾರೆ.

ಒಂದು ವರ್ಷ ಗೆರೆ ಕಾಯಲು ಜನ ಸಾಲದೆ ಹೋಯಿತು. ಆ ಕೆಲಸದ ಮೇಲ್ವಿಚಾರಕಿ ಉದಗಾವಾ ನನ್ನ ಗಂಡನ ಬಸ್ಸಿನಲ್ಲೇ ಓಡಾಡುತ್ತಿದ್ದವರು. ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದ ಹೆಂಗಸು. ನಮ್ಮಲ್ಲಿ ಚಾಲಕರು ತಿರುವು ಬಂದಾಗಲೆಲ್ಲ ಮೈಕಿನಲ್ಲಿ ಹೇಳಬೇಕು. ಇವರ ದನಿ ಕೇಳಿ ಆಕೆ ಇಳಿಯುವಾಗ ನಿಂತರಂತೆ.

“ಮಿನೋಬೆ ಸಾನ್, ‘ಬಲಕ್ಕೆ ತಿರುಗ್ತಿದೀವಿ’ ಅಂತ ಎಷ್ಟು ಚೆನ್ನಾಗಿ ಹೇಳ್ತೀರ! ‘ಔಟ್’ ಅಂತ ಕೂಗೋಕೆ ಬರುತ್ತಾ?”

“ರಾಕೆಟ್ ಮುಟ್ಟಿದೋನೇ ಅಲ್ಲ ನಾನು.”

“ಮುಟ್ಟೋಕೆ ಬೇರೆಯವರಿದಾರೆ. ನೀವು ಬಂದು ನಿಂತ್ಕೊಳ್ಳಿ, ಸಾಕು.”

ಹಾಗೆ ಶುರುವಾಯಿತು. ಮಂಡಿಯ ಮೇಲೆ ಕೈ ಊರಿ ಬಗ್ಗಿ ನಿಲ್ಲುವುದು. ಚೆಂಡು ಹೊರಗೆ ಬಿದ್ದರೆ ಕೂಗಿ ಕೈ ಚಾಚುವುದು. ಒಳಗೆ ಬಿದ್ದರೆ ಬಾಯಿ ಮುಚ್ಚಿಕೊಂಡಿರುವುದು. ತಪ್ಪು ಕೂಗಿದರೆ ಆ ಕ್ಷಣವೇ ಕೈ ಎತ್ತಿ ‘ಕರೆಕ್ಷನ್’ ಎನ್ನಬೇಕು. ಅಷ್ಟು ಜನರೆದುರು ತನ್ನ ತಪ್ಪನ್ನು ತಾನೇ ಕೂಗಿ ಹೇಳಬೇಕು.

ನಾನು ರೇಗಿಸುತ್ತಿದ್ದೆ. “ಬೇರೆಯವರ ಗಂಡಂದಿರು ರಜ ಹಾಕಿ ಹೆಂಡ್ತೀನ ಬಿಸಿನೀರಿನ ಬುಗ್ಗೆಗೆ ಕರ್ಕೊಂಡು ಹೋಗ್ತಾರೆ. ನೀವು ಗೆರೆ ನೋಡೋಕೆ ಹೋಗ್ತೀರ.”

“ಗೆರೆ ವಾಸಿ. ಅದು ಮಾತಾಡಲ್ಲ” ಎನ್ನುತ್ತಿದ್ದರು.

ವರ್ಷಗಟ್ಟಲೆ ನಿಂತರೂ ಫೈನಲ್‌ಗೆ ನಿಲ್ಲುವುದು ಮಾತ್ರ ಸಿಗಲಿಲ್ಲ. ಉದಗಾವಾ ವಾರವಿಡೀ ಎಲ್ಲರನ್ನೂ ನೋಡಿ, ಚೆನ್ನಾಗಿ ಕಾಯ್ದವರನ್ನೇ ಫೈನಲ್‌ಗೆ ಹಾಕುತ್ತಿದ್ದರು. ಇವರದು ಪ್ರತಿ ಸಲ ಅದಕ್ಕೆ ಮುಂಚೆಯೇ ಮುಗಿಯುತ್ತಿತ್ತು. ಹೋದ ಚಳಿಗಾಲದಲ್ಲಿ ಪಂದ್ಯಾವಳಿಯವರು ಹೇಳಿಬಿಟ್ಟರು: ಮುಂದಿನ ವರ್ಷದಿಂದ ಕ್ಯಾಮೆರಾ ನೋಡಿಕೊಳ್ಳುತ್ತದೆ, ಜನ ಬೇಡ.

ಅಂದು ಊಟಕ್ಕೆ ಕೂತಾಗ ಇವರು ಅಂದರು, “ಏಯ್, ಈ ಸಲ ಫೈನಲ್‌ಗೆ ನಿಂತೇ ನಿಲ್ತೀನಿ. ನೋಡ್ತಿರು.”

ಆಸೆಯನ್ನು ಬಾಯಿಬಿಟ್ಟು ಹೇಳುವ ಗಂಡಸಲ್ಲ. ಹಾಗಾಗಿ ಸೆಮಿಫೈನಲ್ ದಿನ ನಾನೂ ಹೋಗಿ ಕೂತೆ.

ವಾರವೆಲ್ಲ ಇವರದು ಒಂದು ತಪ್ಪೂ ಇರಲಿಲ್ಲ. ಅಂದು ನಮ್ಮೂರ ಹುಡುಗ ಹಯಾಮಿಗೂ ಒಬ್ಬ ಎತ್ತರದ ಚೆಕ್‌ನವನಿಗೂ ಆಟ. ಹಯಾಮಿ ಇನ್ನೊಂದು ಪಾಯಿಂಟ್ ಗೆದ್ದರೆ ಸೆಟ್ ಅವನದು. ಚೆಕ್‌ನವನು ಬಲವಾಗಿ ಹೊಡೆದ. ಚೆಂಡು ಇವರ ಗೆರೆಯ ಕಡೆ ಬಂತು. ಹಯಾಮಿಗೆ ಅದು ಸಿಗುವ ಮಾತೇ ಇರಲಿಲ್ಲ.

“ಔಟ್!” ಎಂದು ಇವರು ಕೂಗಿದರು. ಬಸ್ಸಿನಲ್ಲಿ ಕೂಗುವ ಅದೇ ದನಿ. ಜನ ಎದ್ದು ಚಪ್ಪಾಳೆ ತಟ್ಟಿದರು.

ಚಪ್ಪಾಳೆಯ ನಡುವೆಯೇ ಕೈ ಮೇಲೆ ಹೋಯಿತು. “ಕರೆಕ್ಷನ್!”

ಮೇಲೆ ಕುರ್ಚಿಯಲ್ಲಿದ್ದ ಅಂಪೈರ್ ಇವರನ್ನು ನೋಡಿದ, ತಲೆಯಾಡಿಸಿದ. ಪಾಯಿಂಟ್ ಚೆಕ್‌ನವನಿಗೆ ಹೋಯಿತು. ಆಮೇಲೆ ಸೆಟ್ಟೂ ಹೋಯಿತು, ಆಟವೂ ಹೋಯಿತು.

ನನ್ನ ಹಿಂದೆ ಕೂತವನು ಗೊಣಗಿದ, “ಆ ಮುದುಕನ್ನ ಚೆಕ್‌ನವರೇ ಕರ್ಕೊಂಡು ಬಂದಿದಾರೇನೋ.”

ತಿರುಗಿ ನೋಡಿದೆ. “ನಾನು ಕರ್ಕೊಂಡು ಬಂದಿದ್ದು. ನನ್ನ ಗಂಡ. ಏನೀಗ?”

“ಅಯ್ಯೋ, ತಪ್ಪಾಯ್ತು ಅಮ್ಮಾ” ಎಂದು ಬಗ್ಗಿ ನಮಸ್ಕಾರ ಮಾಡಿದ.

ಆಟ ಮುಗಿದ ಮೇಲೆ ಮೊಗಸಾಲೆಗೆ ಹೋದೆ. ಉದಗಾವಾ ಇವರ ಎದುರು ನಿಂತಿದ್ದರು.

“ಕೈ ಎತ್ತಿದ್ದು ಸರಿ, ಮಿನೋಬೆ ಸಾನ್. ಎತ್ತದೆ ಇದ್ದಿದ್ರೆ ನಿಮ್ಮನ್ನ ಈಗ್ಲೇ ಮನೆಗೆ ಕಳಿಸ್ತಿದ್ದೆ.”

“ಹೌದು.”

“ಆದ್ರೆ ಚೆಂಡು ಬೀಳೋಕೆ ಮುಂಚೆ ನಿಮ್ಮ ಬಾಯಿ ಬಿತ್ತು. ಫೈನಲ್‌ಗೆ ನಿಮ್ಮನ್ನ ಹಾಕೋಕೆ ಆಗಲ್ಲ.”

“ಹೌದು” ಎಂದರು ಮತ್ತೆ. ಇಬ್ಬರೂ ಬಗ್ಗಿ ನಮಸ್ಕಾರ ಮಾಡಿಕೊಂಡರು. ಆಕೆ ಬೇಗ ತಲೆ ಎತ್ತಲಿಲ್ಲ.

ಮನೆಗೆ ಬಂದು ಇವರು ಸ್ನಾನ ಮಾಡಿದರು. ನಾನು ಬಿಸಿ ಉದೊನ್ ಶಾವಿಗೆ ಮಾಡಿ ಬಡಿಸಿದೆ. ಸುರ್ ಎಂದು ಎಳೆದುಕೊಂಡು ತಿಂದರು. ನನಗೆ ತಡೆಯಲಾಗಲಿಲ್ಲ.

“ಕೈ ಎತ್ತದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಚೆಂಡು ಗೆರೆ ಮೇಲೆ ಬಿದ್ದಿತ್ತು.”

“ನಾನು ಕೇಳಿದ್ದು ಅದಲ್ಲ.”

“ಇನ್ನೇನಿದೆ ಹೇಳೋಕೆ? ಈರುಳ್ಳಿ ಇನ್ನೊಂಚೂರು ಹಾಕು.”

ಮಾರನೆಯ ದಿನ ಭಾನುವಾರ, ಫೈನಲ್. ಇವರು ಹೊದ್ದು ಮಲಗಿಬಿಡುತ್ತಾರೆ ಅಂದುಕೊಂಡಿದ್ದೆ. ತರಕಾರಿ ತಂದು ಒಳಗೆ ಬಂದರೆ, ಕೋಟು ಹಾಕಿಕೊಂಡು ಬಾಗಿಲ ಹತ್ತಿರ ಶೂ ಕಟ್ಟುತ್ತಿದ್ದರು.

“ಏಯ್, ಹೊರಡು. ಜಾಗ ಸಿಗಲ್ಲ.”

ಮೇಲಿನ ಸಾಲಿನಲ್ಲಿ ಪಕ್ಕ ಪಕ್ಕ ಕೂತೆವು. ಅಷ್ಟು ವರ್ಷದಲ್ಲಿ ಆ ಕಟ್ಟಡದೊಳಗೆ ನಾವು ಜೊತೆಯಾಗಿ ಕೂತದ್ದು ಅದೊಂದೇ ಸಲ. ಇವರ ಗೆರೆಗೆ ಕನ್ನಡಕದ ಒಬ್ಬ ಯುವಕ ನಿಂತಿದ್ದ. ನನಗೆ ಅವನ ಮೇಲೆ ಸಿಟ್ಟು. ಒಂದು ಚೆಂಡಿಗೆ ಅವನು “ಔಟ್” ಎಂದ. ಚೆಕ್‌ನವನು ಸೊಂಟದ ಮೇಲೆ ಕೈ ಇಟ್ಟು ನಿಂತ.

“ಒಳಗಿತ್ತು ಅಲ್ವಾ?” ಎಂದೆ.

“ಗೊತ್ತಿಲ್ಲ.”

“ನಿಮಗೇ ಗೊತ್ತಿಲ್ದಿದ್ರೆ ಇನ್ಯಾರಿಗೆ ಗೊತ್ತಾಗುತ್ತೆ?”

“ಇಲ್ಲಿಂದ ಕಾಣಲ್ಲ ಕಣೇ. ಅಲ್ಲಿ ನಿಂತಿರೋನಿಗೆ ಕಾಣುತ್ತೆ. ಸುಮ್ನಿರು.”

ಸ್ವಲ್ಪ ಹೊತ್ತಿಗೆ ನೋಡಿದರೆ, ಇವರ ಕತ್ತು ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು, ಬಾಯಿ ಅರೆತೆರೆದಿತ್ತು.

“ಏನ್ರೀ ಅದು, ಚಿಕ್ಕ ಮಗು ಥರ?”

“ಕೆಳಗೆ ನಿಂತಾಗ ಕಣ್ಣು ಗೆರೆ ಮೇಲೇ ಇರ್ಬೇಕು, ಚೆಂಡಿನ ಹಿಂದೆ ಹೋಗೋ ಹಾಗಿಲ್ಲ. ಇವರು ಆಡೋದನ್ನ ನಾನು ನೋಡೇ ಇರ್ಲಿಲ್ಲ.” ಮತ್ತೆ ಕತ್ತು ತಿರುಗಿಸಿದರು. “ಎಷ್ಟು ಚೆನ್ನಾಗಿ ಆಡ್ತಾರೆ!”

ಮುಗಿಯುವವರೆಗೂ ಕೂತಿದ್ದೆವು. ಬಹುಮಾನ ಕೊಟ್ಟ ಮೇಲೂ ಇವರು ಏಳಲಿಲ್ಲ. ಯಾರು ಗೆದ್ದರೋ ನನಗೆ ನೆನಪಿಲ್ಲ. ಇವರಿಗೆ ನೆನಪಿತ್ತು. ಇವರು ಇದ್ದಾಗಲೇ ಕೇಳಿಟ್ಟುಕೊಳ್ಳಬೇಕು ಅಂತ ನನಗೆ ಹೊಳೆಯಲಿಲ್ಲ.