ದೊಡ್ಡಮ್ಮನ ಮಾತಿನ ಕೆಳಗೆ ಎರಡು ಸಾಲು

ನನ್ನ ದೊಡ್ಡಮ್ಮನಿಗೆ ಓದಲು ಬರುವುದಿಲ್ಲ. ಅವತ್ತು ಕುಂದಾಪುರದ ಸಭಾಂಗಣದಲ್ಲಿ ಅವಳ ಮಾತನ್ನು ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ತಲ್ಲೂರಿನ ಮನೆಗಳಿಗೆ ಬುಟ್ಟಿ ಹೊತ್ತು ಮೀನು ಮಾರುವ ಅವಳ ಬಗ್ಗೆ ಬೆಂಗಳೂರಿನವರೊಬ್ಬರು ಸಣ್ಣ ಸಾಕ್ಷ್ಯಚಿತ್ರ ಮಾಡಿದ್ದರು. ನಮ್ಮ ಕುಂದಾಪ್ರ ಕನ್ನಡ ಹೊರಗಿನವರಿಗೆ ತಿಳಿಯದೆಂದು ಕೆಳಗೆ ಪುಸ್ತಕದ ಕನ್ನಡದಲ್ಲಿ ಸಬ್‌ಟೈಟಲ್ ಹಾಕಿದ್ದರು. ಮೊದಲ ಪ್ರದರ್ಶನ ಊರಿನವರಿಗೇ.

ತೆರೆಯ ಮೇಲೆ ದೊಡ್ಡಮ್ಮ ನಗುತ್ತ ಹೇಳಿದಳು: "ಬುಟ್ಟಿ ಹೊತ್ಕಂಡ್ ಮನಿ ಮನಿಗ್ ಹೋಪುದಂದ್ರೆ ನಂಗ್ ಭಾರಿ ಖುಷಿ. ಮನಿಯಗೆ ಸುಮ್ನೆ ಕೂಕಂಡ್ರೆ ನನ್ನತ್ರ ಯಾರ್ ಮಾತಾಡ್ತ್ರ್?"

ಕೆಳಗೆ ಬಂದದ್ದು: "ಹೊಟ್ಟೆಪಾಡಿಗಾಗಿ ಮನೆಮನೆ ಅಲೆಯುತ್ತೇನೆ. ನನ್ನೊಡನೆ ಮಾತನಾಡುವವರು ಯಾರೂ ಇಲ್ಲ."

ಸಭೆ ನಿಟ್ಟುಸಿರುಬಿಟ್ಟಿತು. ಮುಂದಿನ ಸಾಲಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೂತವರೆಲ್ಲ ತಲ್ಲೂರು, ಕುಂದಾಪುರ, ಬೈಂದೂರಿನವರು, ದೊಡ್ಡಮ್ಮನಿಂದ ದಿನಾ ಮೀನು ಕೊಳ್ಳುವವರೂ ಇದ್ದರು; ಸಬ್‌ಟೈಟಲ್ ಒಬ್ಬರಿಗೂ ಬೇಕಿರಲಿಲ್ಲ. ಆದರೂ ಕಣ್ಣು ಅಲ್ಲಿಗೇ ಇಳಿಯಿತು. ಅಕ್ಷರ ಕಂಡರೆ ಓದದೆ ಬಿಡಲಾಗುವುದಿಲ್ಲ, ಓದಿ ಮುಗಿಸುವ ಅವಸರದಲ್ಲಿ ಮಾತು ಕಿವಿಗೆ ಬಿದ್ದೂ ಬೀಳುವುದಿಲ್ಲ, ಮುಖ ನೋಡಲಂತೂ ಪುರುಸೊತ್ತೇ ಇಲ್ಲ. ಅದರ ಮೇಲೆ ನಮ್ಮದೇ ಒಂದು ರೋಗ. ಮನೆಮಾತು ಆಡಿದ್ದಕ್ಕೆ ಶಾಲೆಯಲ್ಲಿ ಬೈಸಿಕೊಂಡು ಬೆಳೆದವರು ನಾವು. ಅಚ್ಚಿನಲ್ಲಿ ಇದ್ದದ್ದೇ ಸರಿ, ನಮ್ಮ ಬಾಯಲ್ಲಿ ಬಂದದ್ದು ತಪ್ಪು ಎಂದು ನಂಬಿಬಿಟ್ಟಿದ್ದೇವೆ. ನಾಚಿಕೆಯ ವಿಷಯವೆಂದರೆ ನಾನೂ ಕೆಳಗಿನ ಸಾಲನ್ನೇ ಓದಿ ಕಣ್ಣೊರೆಸಿಕೊಂಡಿದ್ದೆ.

ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ಮೊಣಕೈ ತಿವಿದಳು. "ಇವ್ರೆಲ್ಲ ಎಂತಕ್ ಕಣ್ಣೀರ್ ಹಾಕಿ ಮರ್ಕತ್ರ್? ನಾ ತಮಾಷಿ ಮಾಡದ್ದಲ್ದಾ?"

ಆಗ ನನಗೆ ಎಚ್ಚರವಾಯಿತು. ಎದ್ದು ಕೂಗಬೇಕಿತ್ತು. "ಎಂತದೂ ಇಲ್ಲೆ" ಎಂದು ಸುಮ್ಮನಾಗಿಸಿದೆ.

ಚಿತ್ರ ಮುಗಿದ ಮೇಲೆ ನಿರ್ದೇಶಕರನ್ನು ಹಿಡಿದು ಕೇಳಿದೆ. ಎರಡು ಸಾಲಿಗಿಂತ ಹೆಚ್ಚು ಹಾಕಿದರೆ ನೋಡುವವರಿಗೆ ಓದಲು ಸಮಯ ಸಾಲುವುದಿಲ್ಲ, ಭಾವ ಉಳಿಸಿಕೊಂಡು ಮಾತು ಕಿರಿದು ಮಾಡಬೇಕಾಗುತ್ತದೆ ಎಂದರು. ಯಾರ ಭಾವ? ಅವಳ ಖುಷಿಯನ್ನು ಕಿತ್ತುಹಾಕಿ ತಮ್ಮ ಮರುಕವನ್ನು ತುರುಕಿ, ಸಮಯದ ನೆಪ ಹೇಳುತ್ತಾರೆ. ಬೆನ್ನು ತಟ್ಟಿ ಚಹಾ ಕುಡಿಯಲು ಕರೆದರು. ನಾನು ಹೋಗಲಿಲ್ಲ.

ಎರಡು ದಿನ ಕಳೆದು ದೊಡ್ಡಮ್ಮನ ಮನೆಗೆ ಹೋದೆ. ಇನ್ನೂ ಬೆಳಿಗ್ಗೆ ಒಂಬತ್ತು. ಖಾಲಿ ಬುಟ್ಟಿ ಅಂಗಳದಲ್ಲಿ ಬೋರಲಾಗಿತ್ತು. ಸಾಮಾನ್ಯವಾಗಿ ಅವಳು ಬರುವಾಗ ಹನ್ನೆರಡು ದಾಟುತ್ತದೆ, ಒಂದೊಂದು ಮನೆಯಲ್ಲೂ ಅಷ್ಟು ಚೌಕಾಸಿ, ಅಷ್ಟು ಜಗಳ, ಅಷ್ಟು ನಗು.

"ಮೀನೆಲ್ಲ ಖರ್ಚಾಯ್ತಾ?" ಎಂದೆ.

"ಆಯ್ತ್. ಯಾರೂ ಚೌಕಾಸಿ ಮಾಡ್ಲಿಲ್ಲೆ. ಬಂಗಡೆ ಸಣ್ಣದ್ ಅಂದೂ ಹೇಳ್ಲಿಲ್ಲೆ. ಪಾಪ ಅಂದ್ರ್, ನಾ ಹೇಳದ್ ದುಡ್ಡ್ ಕೊಟ್ರ್, ಒಳಗ್ ಹೋರ್." ಅವಳ ಮುಖ ಸಣ್ಣದಾಗಿತ್ತು. "ನನ್ ಮೇಲ್ ಎಂತ ಸಿಟ್ಟೋ ಏನೋ."

ಇನ್ನು ಮುಚ್ಚಿಡಲಾಗಲಿಲ್ಲ. ಅವಳ ಮಾತಿನ ಕೆಳಗೆ ಏನು ಬರೆದಿತ್ತು, ಜನ ಯಾಕೆ ಅತ್ತರು, ಎಲ್ಲ ಹೇಳಿದೆ. ನಿರ್ದೇಶಕರನ್ನೂ ಊರಿನವರನ್ನೂ ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದಳು:

"ನೀ ನನ್ ಪಕ್ಕದಗೇ ಕೂಕಂಡಿದ್ದೆ ಅಲ್ದಾ ಮಗಾ. ನಾ ಹೇಳದ್ದ್ ನಿಂಗೂ ಕೇಣ್ಲಿಲ್ಯಾ?"