ನೀರುಗಂಟಿ ಮಾವನ ಎಮ್ಮೆಗೆ ರೆಕ್ಕೆ ಬಂದದ್ದು

ಆಗಾಕಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಮರಿಸ್ವಾಮಿ. ಅವನಾದ ಮೇಲೆ ಹೇಳಿದವರು ಬಹಳ ಮಂದಿ ಇದ್ದಾರೆ, ಆದರೆ ಮೊದಲು ಹೇಳಿದ ಮರ್ಯಾದೆಯನ್ನು ಅವನಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ನಾನು ಪಿಯುಸಿ ಮುಗಿಸಿ ಡಿಗ್ರಿಗೆ ಅರ್ಜಿ ತುಂಬುತ್ತ ಜಗಲಿಯ ಮೇಲೆ ಕೂತಿದ್ದೆ. ಅವನು ನಾಲೆಯಿಂದ ಬಂದು ಮೊಣಕಾಲಿನವರೆಗಿನ ಕೆಸರು ತೊಳೆಯುತ್ತಿದ್ದ. ತಂಬಿಗೆ ಕೆಳಗಿಡದೆ ಹೇಳಿದ: “ನಮ್ಮನೇಲಿ ಒಬ್ರು ಡಿಗ್ರಿ ಮುಗಿಸೋದೂ ಒಂದೇ, ಎಮ್ಮೆಗೆ ರೆಕ್ಕೆ ಬರೋದೂ ಒಂದೇ ಕಣಮ್ಮಿ. ಆಗಾಕಿಲ್ಲ, ಬುಡು.”

ನಮ್ಮ ಚಿಕ್ಕರಸಿನಕೆರೆ ಕಡೆ ಇಂಥ ಮಾತನ್ನು ಯಾರೂ ಬೈಗುಳವೆಂದು ತಿಳಿಯುವುದಿಲ್ಲ. ಹವಾಮಾನ ವರದಿಯಂತೆ ಕೇಳಿಸಿಕೊಂಡು ಕೆಲಸ ಮುಂದುವರಿಸುತ್ತಾರೆ. ನಾನೂ ಮುಂದುವರಿಸಿದೆ. ಅರ್ಜಿಯಲ್ಲಿ ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ ಎಂಬ ಎರಡು ಕಲಮುಗಳಿದ್ದವು. ಎರಡಕ್ಕೂ ಗೆರೆ ಎಳೆದೆ. ಅಪ್ಪ ಬಹಳ ಹಿಂದೆಯೇ ತೀರಿಕೊಂಡಿದ್ದರಿಂದ ಅವ್ವನೂ ನಾನೂ ಮಾವನ ಮನೆಯಲ್ಲೇ ಇದ್ದೆವು. ಪೋಷಕರ ಸಹಿಯ ಜಾಗದಲ್ಲಿ ಮಾವನೇ ಬಂದು, ಆಗಾಕಿಲ್ಲ ಎನ್ನುತ್ತಲೇ, ಅಕ್ಷರ ಅಕ್ಷರ ಕೂಡಿಸಿ ರುಜು ಹಾಕಿದ.

ಅದೇ ಮಾವ ಇವತ್ತು ಬೆಳಿಗ್ಗೆ ಫೋನು ಮಾಡಿದ್ದ. ನಾನೀಗ ಮಳವಳ್ಳಿಯಲ್ಲಿ ಬಿ.ಎಡ್. ಓದುತ್ತಿದ್ದೇನೆ. ಅವನ ದನಿಯಲ್ಲಿ ಸಾವಿನ ಮನೆಯ ಗಾಂಭೀರ್ಯ.

“ಅಮ್ಮಿ, ಎಮ್ಮೆ ರೆಕ್ಕೆ ಕಿತ್ಕೊಂಡವ್ರೆ ಕಣೆ.”

“ಯಾರು ಮಾವ?”

“ಇನ್ಯಾರು, ಆಟದೋರು. ಏನೋ ಅಪ್‌ಡೇಟು ಅಂತು, ಒತ್ತಿದೆ. ಹೊಸ ಸೀಮೆ ಬುಟ್ಟವ್ರೆ. ಅಲ್ಲಿ ಆರಾಕ್ ಬುಡಾಕಿಲ್ವಂತೆ. ತಿರ್ಗಾ ಮೊದ್ಲಿಂದ ನಡೀಬೇಕಂತೆ.”

“ನಡಿ ಮತ್ತೆ. ನೀನು ನಡೀದೆ ಇದ್ದ ದಿನ ಯಾವತ್ತಿತ್ತು?”

“ಅದೂ ಸರಿಯೇ,” ಎಂದು ಫೋನಿಟ್ಟ.

ಮಾವನಿಗೆ ತಲೆ ಕೆಟ್ಟಿದೆಯೆಂದು ನೀವು ಅಂದುಕೊಳ್ಳುವ ಮೊದಲು ಹೇಳಿಬಿಡುತ್ತೇನೆ. ಆ ಎಮ್ಮೆ ಇರುವುದು ಫೋನಿನೊಳಗೆ. ಇಂಟರ್‌ನೆಟ್ಟಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಆಟಗಳಿವೆ. ಬೇಟೆಗಾರ್ತಿಯೋ ಮಂತ್ರವಾದಿಯೋ, ಒಂದು ವೇಷ ಹಾಕಿಕೊಂಡು ದೊಡ್ಡದೊಂದು ನಾಡಿಗೆ ಇಳಿಯಬೇಕು. ಆ ನಾಡಿನಲ್ಲಿ ಹಾರಬಹುದು, ಆದರೆ ಹೋದ ದಿನವೇ ಅಲ್ಲ. ಮೊದಲು ಕಾಲ್ನಡಿಗೆ. ಸ್ವಲ್ಪ ಬಲಿತ ಮೇಲೆ ಸವಾರಿಗೊಂದು ಪ್ರಾಣಿ. ಕೈಗೆ ಕೊಟ್ಟ ನಕ್ಷೆ ಪೂರ್ತಿ ಮಬ್ಬಾಗಿರುತ್ತದೆ. ನೀವು ಯಾವ ಮೂಲೆಗೆ ಕಾಲಿಟ್ಟಿರೋ ಆ ಮೂಲೆ ಮಾತ್ರ ಬೆಳಗುತ್ತದೆ. ಎಲ್ಲ ಮೂಲೆಯೂ ಬೆಳಗಬೇಕು. ಜೊತೆಗೆ ಅಲ್ಲಿಯ ಜನ ಹೇಳಿದ ಚಾಕರಿ ಮಾಡಬೇಕು. ಒಬ್ಬ ತನ್ನ ಕಳೆದುಹೋದ ಕುರಿ ಹುಡುಕಿಕೊಡು ಎನ್ನುತ್ತಾನೆ, ಒಬ್ಬಳು ಕಾಡಿನಿಂದ ಹತ್ತು ಬೇರು ಕಿತ್ತು ತಾ ಎನ್ನುತ್ತಾಳೆ, ತಂದುಕೊಟ್ಟರೆ ಇನ್ನೂ ಹತ್ತು ಎನ್ನುತ್ತಾಳೆ. ಹೀಗೆ ಎಲ್ಲರ ವಿಶ್ವಾಸ ಗಳಿಸಿದ ಮೇಲೆ ಒಬ್ಬ ಗುರು ಪ್ರತ್ಯಕ್ಷನಾಗಿ, ಇನ್ನು ಹಾರು ಎಂದು ರೆಕ್ಕೆ ದಯಪಾಲಿಸುತ್ತಾನೆ. ಅಷ್ಟು ಹೊತ್ತಿಗೆ ನೀವು ಇಡೀ ನಾಡನ್ನು ನಡೆದೇ ಮುಗಿಸಿರುತ್ತೀರಿ. ನಮ್ಮ ವಿಶ್ವವಿದ್ಯಾಲಯಗಳ ಒಳಹೊರಗು ಬಲ್ಲವರು ಯಾರೋ ಕೂತು ಈ ನಿಯಮ ಮಾಡಿರಬೇಕು.

ಯಾಕೆ ಹೀಗೆ ಎಂದರೆ ಆಟ ಕಟ್ಟಿದವರ ಹತ್ತಿರ ಕಾರಣ ಸಿದ್ಧವಾಗಿದೆ. ಮೊದಲೇ ಹಾರಲು ಬಿಟ್ಟರೆ ನಾವು ಕಷ್ಟಪಟ್ಟು ಮಾಡಿದ ಬೆಟ್ಟ ಹೊಳೆಗಳನ್ನು ಯಾರೂ ನೋಡುವುದಿಲ್ಲ ಎನ್ನುತ್ತಾರೆ. ಒಪ್ಪಬಹುದಾದ ಮಾತು. ಆದರೆ ಅದೇ ಆಟದೊಳಗಿನ ಅಂಗಡಿಯಲ್ಲಿ ದುಡ್ಡು ಕಟ್ಟಿದವರಿಗೆ ಮೊದಲ ದಿನವೇ ರೆಕ್ಕೆ. ಆಗ ಬೆಟ್ಟ ಹೊಳೆಗಳ ಮೇಲಿನ ಅಭಿಮಾನ ಎಲ್ಲಿಗೆ ಹೋಗುತ್ತದೋ ಕಾಣೆ. ನಾವು ಕೆಸರಿನಲ್ಲಿ ಕಾಲೆಳೆಯುತ್ತಿದ್ದರೆ ಯಾರೋ ಒಬ್ಬ ಚಿನ್ನದ ಬಣ್ಣದ ಹಕ್ಕಿ ಏರಿ ತಲೆಯ ಮೇಲೆ ಸುಂಯ್ ಎಂದು ಹೋಗುತ್ತಿದ್ದ. ಅಂಥವರನ್ನು ನಾನು ಕಾಲೇಜಿನಲ್ಲೂ ಕಂಡಿದ್ದೆ. ಅಪ್ಪ ಲಾಯರು, ಅಮ್ಮ ಲೆಕ್ಚರರು, ತಿಂಡಿ ತಿನ್ನುವಾಗಲೂ ಇಂಗ್ಲಿಷು. ಅವರು ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಯೇ ಇಲ್ಲ, ಯಾವಾಗ ನೋಡಿದರೂ ಮೇಲೆಯೇ ಇರುತ್ತಿದ್ದರು. ಈಗ ಬೆಂಗಳೂರು-ಮೈಸೂರಿನ ಕಾರುಗಳೂ ಹಾಗೆಯೇ. ಮದ್ದೂರು ಬಂತೋ ಹೋಯಿತೋ ನೋಡದೆ ಮೇಲ್ಸೇತುವೆಯಲ್ಲಿ ಹಾರಿಹೋಗುತ್ತವೆ. ಕೆಳಗೆ ಬಸ್ಸಿಗೆ ಕಾಯುವ ನಮ್ಮ ಪಾಲಿಗೆ ಸದ್ದು ಮತ್ತು ಧೂಳು.

ಮಾವನ ವಿಷಯಕ್ಕೆ ಬರುತ್ತೇನೆ. ಅವನು ನೀರುಗಂಟಿ. ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವುದು, ತೂಬು ನೋಡುವುದು, ಯಾರಾದರೂ ಕದ್ದು ನೀರು ತಿರುಗಿಸಿಕೊಂಡರೆ ಅದನ್ನು ಮುಚ್ಚಿ, ಅವರ ಮನೆಬಾಗಿಲಿಗೆ ಹೋಗಿ ಬೈದು ಬರುವುದು. ದಿನವಿಡೀ ಬದುವಿನ ಮೇಲೆ ನಡಿಗೆ. ನನ್ನ ಕೊನೆಯ ಸೆಮಿಸ್ಟರಿನಲ್ಲಿ ಒಂದು ಮಧ್ಯಾಹ್ನ ನಾನು ಪುಸ್ತಕದ ನಡುವೆ ಫೋನಿಟ್ಟುಕೊಂಡು ಆಡುವಾಗ ಅವನ ಕೈಗೆ ಸಿಕ್ಕಿಬಿದ್ದೆ.

“ಇದೇನಾ ನಿನ್ ಡಿಗ್ರಿ?” ಎಂದು ಫೋನು ಕಿತ್ತುಕೊಂಡ. ಕಣ್ಣು ಕಿರಿದು ಮಾಡಿ ನೋಡಿದ. “ಈ ಗೊಂಬೆ ಕುಂತಿರಾದು ಎಮ್ಮೆ ಮ್ಯಾಲಲ್ವಾ?”

ದುಡ್ಡು ಕಟ್ಟದವರಿಗೆ ಕೊಡುವ ಕಪ್ಪು ಕೊಂಬಿನ ಪ್ರಾಣಿ ಅದು. ಆಟದವರು ಇಟ್ಟ ಹೆಸರಿಗೆ ನನ್ನ ನಾಲಿಗೆಯೇ ಹೊರಳುತ್ತಿರಲಿಲ್ಲ. ಎಮ್ಮೆಯೇ ಎಂದೆ. ಎಲ್ಲ ಮೂಲೆಯೂ ನಡೆದರೆ ಅದಕ್ಕೆ ರೆಕ್ಕೆ ಬರುತ್ತದೆ ಎಂದೂ ಹೇಳಿದೆ. ಮಾವ ನನ್ನ ಮುಖ ನೋಡಿದ. ಮೂರು ವರ್ಷದ ಹಿಂದಿನ ತನ್ನ ಮಾತು ಅವನಿಗೂ ನೆನಪಿತ್ತೆಂದು ಕಾಣುತ್ತದೆ.

“ಆಗಾಕಿಲ್ಲ,” ಎಂದ. ಆದರೆ ಫೋನು ವಾಪಸು ಕೊಡಲಿಲ್ಲ.

ನಾಟಿ ಕಾಲದಲ್ಲಿ ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ. ಇವತ್ತು ನಿಮ್ಮ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು, ಕೂಲಿಯ ಮಾತಿಲ್ಲ. ಮಾವ ಅದನ್ನೇ ಫೋನಿಗೂ ತಂದ. “ನೀ ಓದ್ಕೊ. ನಿನ್ ಪಾಲಿಂದು ನಾ ನಡೀತೀನಿ. ಅದುಕ್ಕೆ ಮುಯ್ಯಿ, ನೀ ಪಾಸಾಗ್ಬೇಕು.” ಆಗಾಕಿಲ್ಲ ಎಂದವನೇ ಹೀಗೆ ಮುಯ್ಯಿ ಕೇಳುವುದು ಯಾವ ತರ್ಕವೆಂದು ನಾನು ವಿಚಾರಿಸಲಿಲ್ಲ, ನನಗೂ ಓದಲು ಹೊತ್ತು ಬೇಕಿತ್ತು. ಮನೆಯಲ್ಲಿದ್ದಾಗ ಓದುವ ಹೊತ್ತೆಲ್ಲ ಫೋನು ಅವನ ಕೈಗೆ ಹೋಯಿತು.

ಉಂಡು ಬಂದು ಹೊಂಗೆಮರದ ಕೆಳಗೆ ಕೂತು ಅವನು ಆ ನಾಡನ್ನು ನಡೆದದ್ದು ಥೇಟು ನಾಲೆ ನಡೆದ ಹಾಗೆ, ಅಂಚು ಹಿಡಿದು. “ಇಷ್ಟು ದೊಡ್ಡ ಒಳೆ ಅದೆ, ಒಂದು ತೂಬಿಲ್ವಲ್ಲೇ. ಯಾವ ದರಿದ್ರದೋನು ಕಣೆ ಇಲ್ಲಿ ನೀರುಗಂಟಿ?” ಎಂದು ಬೈಯುತ್ತಿದ್ದ. ರಾಕ್ಷಸ ಎದುರಾದರೆ ಹೊಡೆಯುವ ಬದಲು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. “ಅವ್ನ ಪಾಡಿಗೆ ಅವ್ನು ಓಯ್ತಾವ್ನೆ, ನಂಗೇನು?” ಅವ್ವ ನಮ್ಮಿಬ್ಬರನ್ನೂ ನೋಡಿ, “ಒಂದಕ್ಕೆ ಪುಸ್ತಕದ್ ಉಚ್ಚು, ಒಂದಕ್ಕೆ ಫೋನಿನ್ ಉಚ್ಚು. ಈ ಮನೇಲಿ ನೆಟ್ಟಗಿರಾದು ನಾನೂ ಕೊಟ್ಟಿಗೇಲಿರೋ ಎಮ್ಮೆನೂ ಇಬ್ರೇಯ,” ಎನ್ನುತ್ತಿದ್ದಳು.

ಎರಡು ತಿಂಗಳಿಗೆ ನಕ್ಷೆ ಪೂರ್ತಿ ಬೆಳಗಿತು. ಬಡಗಣ ಮೂಲೆಯಲ್ಲಿ ಹುಣಸೆಬೀಜದಷ್ಟು ಮಬ್ಬು ಮಾತ್ರ ಉಳಿಯಿತು. “ಎಲ್ಲಾ ಸುತ್ತಿವ್ನಿ ಕಣೆ, ಆ ಗುರು ಅನ್ನಿಸ್ಕೊಂಡೋನು ಮಕಾನೇ ತೋರ್ಸಾಕಿಲ್ಲ,” ಎಂದು ದಿನವೂ ದೂರು.

ಅದೇ ಹೊತ್ತಿಗೆ ಮಂಡ್ಯದ ಕಾಲೇಜಿನಲ್ಲಿ ನನಗೂ ಒಂದು ಹುಣಸೆಬೀಜ ಉಳಿದಿತ್ತು. ವಿಭಾಗದ ಮುಖ್ಯಸ್ಥರ ಕೋಣೆ. ಪ್ರಾಜೆಕ್ಟನ್ನು ಸ್ವತಃ ಅವರ ಮುಂದಿಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿದರೆ ಅಂಕ. ಇಲ್ಲವಾದರೆ ಆ ವಿಷಯದಲ್ಲಿ ಫೇಲು, ಡಿಗ್ರಿಯೂ ಇಲ್ಲ. ನಾನು ನಾಲೆಯ ನೀರು ಹಂಚಿಕೆಯ ಬಗ್ಗೆ ಮಾವನನ್ನು ಕೇಳಿ ಕೇಳಿ ಅರವತ್ತು ಪುಟ ಬರೆದಿದ್ದೆ. ಆದರೆ ಮೊದಲ ವರ್ಷದಲ್ಲಿ ಆ ಮನುಷ್ಯ ನನ್ನ ಊರು ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿ, ನಾನು ತಡವರಿಸಿದ್ದನ್ನು ಕಂಡು, ಇಡೀ ತರಗತಿಯ ಕಡೆ ತಿರುಗಿ, “ಇವರೆಲ್ಲ ಬಸ್ ಪಾಸಿಗೋಸ್ಕರ ಕಾಲೇಜಿಗೆ ಸೇರ್ತಾರೆ,” ಎಂದಿದ್ದರು. ತರಗತಿ ನಕ್ಕಿತ್ತು. ಅಂದಿನಿಂದ ಆ ಕೋಣೆಯ ಹೊಸ್ತಿಲು ನಾನು ತುಳಿದಿರಲಿಲ್ಲ. ಪ್ರಾಜೆಕ್ಟನ್ನು ಗೆಳತಿಯ ಕೈಲಿ ಕಳಿಸಿದರೆ, ಬರೆದವಳು ಬರಲಿ ಎಂದು ಹಿಂದಕ್ಕೆ ಬಂತು. ಮೂರು ದಿನ ಆ ಕೋಣೆಯ ಸುತ್ತ ಓಡಾಡಿದೆ. ನೋಟೀಸು ಬೋರ್ಡು ಓದಿದೆ, ನಲ್ಲಿಯಲ್ಲಿ ನೀರು ಕುಡಿದೆ, ಮತ್ತೆ ನೋಟೀಸು ಬೋರ್ಡು ಓದಿದೆ. ಮಾರನೆಯ ದಿನ ಕೊನೆಯ ದಿನ.

ಆ ಸಂಜೆ ಮನೆಗೆ ಬಂದವಳು, ಬೇರೇನೂ ತೋಚದೆ, ಮಾವನ ಕೈಗೆ ಕೊಟ್ಟ ಫೋನನ್ನು ವಾಪಸು ತೆಗೆದುಕೊಂಡು ಅವನ ಮಬ್ಬಿನ ಮೂಲೆಗೆ ಎಮ್ಮೆ ಹೊಡೆದೆ. ಅಲ್ಲಿ ಹಾಳುಬಿದ್ದ ಒಂದು ಗುಡಿ. ಸುತ್ತಲೂ ಬೆಳಕು, ಒಳಗೆ ಮಬ್ಬು.

“ಮಾವ, ಈ ಗುಡಿ ಒಳಕ್ಕೆ ಓಗಿಲ್ವಾ ನೀನು?”

“ಎಂಗೆ ಓಗಾದು? ಬೂಟಾಕ್ಕೊಂಡವ್ಳೆ ನಿನ್ ಗೊಂಬೆ.”

“ಇದು ಆಟ ಕಣ್ ಮಾವ.”

“ಆಟ ಆದ್ರೆ ಗುಡಿ ಗುಡಿಯಲ್ವಾ? ನಲ್ವತ್ತು ಸಲ ಸುತ್ತಾಕಿವ್ನಿ. ಒಳಕ್ಕೆ ಕಾಲಿಕ್ಕಿಲ್ಲ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೊಂಬೆಯ ಚೀಲ ತೆರೆದು ಒಂದು ಸಲ ಒತ್ತಿದೆ, ಬೂಟು ಕಳಚಿತು.

“ಇಷ್ಟೇನಾ?” ಎಂದ.

“ಇಷ್ಟೇಯ. ಕೇಳಬಾರ್ದಾಗಿತ್ತಾ?”

“ನಾಚ್ಕೆ ಆಯ್ತು ಕಣೆ. ಇಷ್ಟು ದಿನ ನಡ್ದೋನಿಗೆ ಬೂಟು ಬಿಚ್ಚಾಕೆ ಬರಾಕಿಲ್ಲ ಅಂತ ಎಂಗೆ ಏಳ್ಲಿ?”

ನನ್ನ ನಗು ಅಲ್ಲಿಗೆ ನಿಂತಿತು. ಅವನಿಗೆ ಬೂಟು ಬಿಚ್ಚಲು ಬಂದಿರಲಿಲ್ಲ, ನನಗೆ ಬಾಯಿ ಬಿಚ್ಚಲು ಬಂದಿರಲಿಲ್ಲ. ಮುಖ್ಯಸ್ಥರ ಕೋಣೆಯ ಸಂಗತಿಯನ್ನು ಮೊದಲ ಬಾರಿಗೆ ಮನೆಯಲ್ಲಿ ಹೇಳಿದೆ, ಬಸ್ ಪಾಸಿನ ಮಾತನ್ನೂ ಸೇರಿಸಿ.

“ನೀನೆಷ್ಟು ಸಲ ಸುತ್ತಾಕ್ದೆ?” ಎಂದ ಮಾವ.

“ಮೂರು ದಿನದಿಂದ ಸುತ್ತುತಾವ್ನಿ.”

“ಮತ್ತೆ ನನ್ ನೋಡಿ ನಗ್ತೀಯ.” ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಜಗಲಿಯ ಮೇಲೆ ಬೋರಲು ಹಾಕಿದ. “ನಾಳೀಕೆ ನೀ ಒಳಕ್ಕೋಗು. ನೀ ಓಗೋಗಂಟ ನಾನೂ ಗುಡಿ ಒಳಕ್ಕೆ ಓಗಾಕಿಲ್ಲ. ಮುಯ್ಯಿ ಅಂದ್ರೆ ಮುಯ್ಯಿ.”

ಮಾರನೆಯ ದಿನ ಹೋದೆ. ಮುಖ್ಯಸ್ಥರು ತಲೆಯೆತ್ತದೆ ಪುಟ ತಿರುವಿದರು. ಇದಕ್ಕೆಲ್ಲ ಆಧಾರ ಏನೆಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

“ನಮ್ಮ ಮಾವ ಸಾರ್. ಮೂವತ್ತು ವರ್ಷದಿಂದ ನಾಲೆ ಮೇಲೆ ನಡೀತಿದ್ದಾರೆ.”

“ಪುಸ್ತಕ ಯಾವುದೂ ನೋಡಿಲ್ವಾ?”

“ನೋಡಿದ್ದೀನಿ ಸಾರ್. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರಿನ ಸರದಿ ಅಂತ ಬರೆದಿದ್ದಾರೆ. ನೀರು ಕಡಿಮೆ ಇದ್ದಾಗ ಹಾಗೆ ಮಾಡಬಾರದು. ಕೊನೇ ಗದ್ದೆಯಿಂದ ಶುರು ಮಾಡಬೇಕು.”

“ಯಾಕೆ?”

“ಇಲ್ಲದಿದ್ರೆ ಕೊನೆಯವರಿಗೆ ಯಾವತ್ತೂ ಮುಟ್ಟೋದಿಲ್ಲ ಸಾರ್.”

ಆಗ ತಲೆಯೆತ್ತಿ ನೋಡಿದರು. ಮನಸ್ಸು ಕರಗಿತೆಂದೇನೂ ತಿಳಿಯಬೇಡಿ. ಇಪ್ಪತ್ತಕ್ಕೆ ಹನ್ನೊಂದು ಕೊಟ್ಟರು. ಅಂತರ್ಜಾಲದಿಂದ ಇಳಿಸಿಕೊಂಡು ಹೊಳೆಯುವ ರಟ್ಟು ಹಾಕಿಸಿದವರಿಗೆ ಹದಿನೆಂಟು. ಆದರೂ ಹನ್ನೊಂದು ಪಾಸೇ. ನಾನು ಆ ಹನ್ನೊಂದನ್ನು ಹೊತ್ತುಕೊಂಡು ಬಸ್ಸಿನಲ್ಲಿ ನಿಂತೇ ಊರಿಗೆ ಬಂದೆ.

ಮಾವ ಕಾಯುತ್ತಿದ್ದ. ಹನ್ನೊಂದು ಎಂದೊಡನೆ ಬರಿಗಾಲಿನ ಗೊಂಬೆಯನ್ನು ಗುಡಿಯೊಳಕ್ಕೆ ನಡೆಸಿದ. ನಕ್ಷೆ ಬೆಳಗಿತು, ಗುರು ಬಂದ, ಎಮ್ಮೆಯ ಎರಡು ಪಕ್ಕೆಯಲ್ಲೂ ರೆಕ್ಕೆ ಬಿಚ್ಚಿಕೊಂಡವು. ಪರದೆಯ ತುಂಬ ಅಭಿನಂದನೆಯ ಓಲೆ, ಅದರಲ್ಲಿ ನನ್ನ ಹೆಸರು.

“ನಡ್ದೋನು ನಾನು, ಎಸ್ರು ನಿಂದು. ಇದ್ಯಾವ ನ್ಯಾಯ ಕಣೆ?” ಎಂದ ಮಾವ. ಒಂದು ಸುತ್ತು ಹಾರಿಸಿದ. “ಮ್ಯಾಲಿಂದ ಒಂದು ಬದುನೂ ಕಾಣಾಕಿಲ್ಲ” ಎಂದು ಇಳಿಸಿ, ಎಮ್ಮೆಯನ್ನು ಮತ್ತೆ ನಡೆಸತೊಡಗಿದ. ಆಮೇಲೆ ಆ ಹಳೇ ಫೋನು ಅವನಿಗೇ ಬಿಟ್ಟುಕೊಟ್ಟೆ.

ಇದೆಲ್ಲ ನೆನಪಾದದ್ದು ಬೆಳಗಿನ ಫೋನಿನಿಂದ ಮಾತ್ರವಲ್ಲ. ಪರೀಕ್ಷೆ ಪಾಸಾಗಿ ಎರಡು ವರ್ಷವಾದ ಮೇಲೆ ಪದವಿ ಪ್ರಮಾಣಪತ್ರ ಬಂದಿದೆ, ಬಂದು ಪಡೆಯಿರಿ ಎಂದು ಕಾಲೇಜಿನಿಂದ ಸಂದೇಶ ಬಂದಿತ್ತು. ಇವತ್ತೇ ಮಳವಳ್ಳಿಯಿಂದ ಮಂಡ್ಯಕ್ಕೆ ಹೋದೆ. ಗುಮಾಸ್ತರು ರಿಜಿಸ್ಟರಿನಲ್ಲಿ ರುಜು ಹಾಕಿಸಿಕೊಂಡು, ಹೆಸರು ಸರಿಯಿದೆಯಾ ಈಗಲೇ ನೋಡಿಕೊಳ್ಳಿ ಎಂದು ಕೈಗಿತ್ತರು. ಸರಿಯಿತ್ತು. ಮದ್ದೂರಿನಲ್ಲಿ ಇಳಿದು ಮೇಲ್ಸೇತುವೆಯ ನೆರಳಿನಲ್ಲಿ ಊರಿನ ಬಸ್ಸಿಗೆ ಕಾದೆ. ಮೇಲೆ ಕಾರುಗಳು ಹಾರುತ್ತಿದ್ದವು. ಹೊಸ ಸೀಮೆಯಲ್ಲಿ ಹಳೇ ರೆಕ್ಕೆ ನಡೆಯುವುದಿಲ್ಲವೆಂದು ಮಾವನಿಗೆ ಇವತ್ತು ತಿಳಿದದ್ದು ನನಗೆ ಬಿ.ಎಡ್. ಸೇರಿದ ದಿನವೇ ತಿಳಿದಿತ್ತು. ಅಲ್ಲೂ ಸುಂಯ್ ಎಂದು ಹೋಗುವವರಿದ್ದಾರೆ. ಈಗ ಮಾತ್ರ ಅವರನ್ನು ನೋಡಲು ನಾನು ಕತ್ತೆತ್ತುವುದಿಲ್ಲ.

ಮಾವ ಜಗಲಿಯ ಮೇಲೆ ಕೂತು ಹೊಸ ಸೀಮೆಯಲ್ಲಿ ನಡೆಯುತ್ತಿದ್ದ. ಕಾಗದವನ್ನು ಅವನ ಮುಂದೆ ಹಿಡಿದೆ. ಅವನು ಫೋನಿಟ್ಟು, ಪಂಚೆಗೆ ಕೈಯೊರೆಸಿ, ಬಿಸಿ ತಟ್ಟೆಯನ್ನು ಹಿಡಿಯುವಂತೆ ಎರಡು ಅಂಚು ಹಿಡಿದುಕೊಂಡ. ನಾನು ಕಾಯುತ್ತಿದ್ದದ್ದು ಒಂದೇ ಮಾತಿಗೆ: ಅವತ್ತು ನಾನಂದದ್ದು ತಪ್ಪು ಎಂದು ಅವನ ಬಾಯಿಂದ ಬರಲಿ. ಬರಲಿಲ್ಲ. ಬೆರಳನ್ನು ಸಾಲಿನ ಕೆಳಗಿಟ್ಟು ಅಕ್ಷರ ಅಕ್ಷರ ಕೂಡಿಸಿ ನನ್ನ ಹೆಸರು ಹುಡುಕಿದ, ಸಿಕ್ಕಿದ ಮೇಲೆ ಇನ್ನೊಂದು ಸಲ ಓದಿದ.

“ನಡ್ದೋಳು ನೀನು,” ಎಂದ. “ಎಸ್ರೂ ನಿಂದೇ ಆಕವ್ರೆ. ಸರಿಯಾಗೇ ಅದೆ, ಬುಡು.”