ಚಂದ್ರಲೋಕದ ವೀರನಿಗೆ ಎರಡನೇ ಹೆಸರು

“ಏ ಹಂಪೀ, ನಿನ್ನ ಗಂಡನ್ನ ಕೇಳು. ಸತ್ತಾತಗ ಎರಡನೇ ಭಾಗ ಹೆಂಗ ಇರ್ತೈತಿ?”

ಕೇಳಿದ್ದು ಅತ್ತೆ ಸುಂಕಮ್ಮ. ಅಳಿಯನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅವಳಲ್ಲಿರಲಿಲ್ಲ. ಅಳಿಯ ಅದೇ ಗಾಡಿಯಲ್ಲಿ ಎತ್ತು ಹೊಡೆಯುತ್ತ ಕೂತಿದ್ದರೂ ಮಾತು ಮಗಳು ಹಂಪಮ್ಮನ ಮೂಲಕವೇ ಹೋಗಬೇಕು.

“ಬಂದು ನೋಡು ಅಂತ ಹೇಳು,” ಎಂದ ಉಚ್ಚೆಂಗೆಪ್ಪ.

“ಮೂರನೇ ದಿನ ಮಾಳಿಗಿ ಮ್ಯಾಲ ಎಡಿ ಇಟ್ಟೀನಿ, ಕಾಗಿ ಮುಟ್ಟೈತಿ ಅಂತ ಹೇಳು!”

ಕೊಳಗಲ್ಲಿನಿಂದ ಬಳ್ಳಾರಿಗೆ ಹೋಗುವ ದಾರಿಯ ಬಿಸಿಲಿಗಿಂತ ಈ ಮಾತಿಗೇ ಉಚ್ಚೆಂಗೆಪ್ಪನ ಬೆನ್ನು ಹೆಚ್ಚು ಬೆವರಿತು.

ಸಿರಿಗೇರಿಯ ಬಯಲಾಟದಲ್ಲಿ ಹತ್ತು ವರ್ಷ ಸಾರಥಿಯಾಗಿ ಕಥೆ ನಡೆಸಿ ಗಂಟಲು ಗಟ್ಟಿ ಮಾಡಿಕೊಂಡವನು ಈ ಉಚ್ಚೆಂಗೆಪ್ಪ. ಈಗ ಬಳ್ಳಾರಿಯ ತಗಡಿನ ಟಾಕೀಸಿನಲ್ಲಿ ಬೆತ್ತ ಹಿಡಿದು ತೆರೆಯ ಪಕ್ಕ ನಿಂತು, ಇಂಗ್ಲಿಷ್ ಪಿಕ್ಚರಿನ ಕಥೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೇಳುವುದು ಅವನ ಕೆಲಸ. ಅವನಿಗೆ ಬಾರದ ಭಾಷೆ ಇಂಗ್ಲಿಷ್ ಒಂದೇ. ಅದರಿಂದ ಇಲ್ಲಿಯವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ.

ಹೋದ ವಾರ ರಾಕೆಟ್ಟಿನ ಪಿಕ್ಚರು ಬಂತು. ಅದರ ವೀರ ಚಂದ್ರಲೋಕಕ್ಕೆ ಹಾರಿದ್ದು ಯಾಕೋ ದೇವರಿಗೇ ಗೊತ್ತು. ಉಚ್ಚೆಂಗೆಪ್ಪ ಮಾತ್ರ ಅವನು ಸೆರೆಸಿಕ್ಕ ತಾಯಿಯನ್ನು ಬಿಡಿಸಲು ಹೊರಟಿದ್ದಾನೆಂದ. ಕಡೆಗೆ ರಾಕೆಟ್ಟು ಉರಿಯುತ್ತ ಗುಡ್ಡಕ್ಕೆ ಬಡಿಯಿತು, ಬಿಳಿ ಅಕ್ಷರ ಬಂದವು, ದೀಪ ಹತ್ತಿತು. ‘ಮುಂದಿನ ವಾರ ನೋಡಿ’ ಎಂದಿದ್ದ ಆ ಅಕ್ಷರಗಳನ್ನು ಉಚ್ಚೆಂಗೆಪ್ಪ ಸಾವಿನ ಸುದ್ದಿ ಎಂದುಕೊಂಡು, “ವೀರ ಸತ್ತ! ತಾಯಿ ಅನಾಥಳಾದಳು!” ಎಂದು ಬಯಲಾಟದ ರಾಗದಲ್ಲಿ ಕೂಗಿಬಿಟ್ಟ. ಹೆಂಗಸರ ಕಡೆ ಅಳು ಎದ್ದಿತು. ಬೇರೆ ಲೋಕದಲ್ಲಿ ಸತ್ತವನಿಗೆ ನೀರು ಬಿಡುವವರು ಯಾರಿದ್ದಾರೆಂದು ಸುಂಕಮ್ಮ ಊರಿಗೆ ಹೋಗಿ ತಾನೇ ತಲೆಮೇಲೆ ನೀರು ಸುರಿದುಕೊಂಡಳು.

ಇವತ್ತು ಗಾಡಿ ಟಾಕೀಸು ಮುಟ್ಟಿದಾಗ ಮಾಲೀಕ ಹಂಪಯ್ಯ ಬಾಗಿಲಲ್ಲೇ ಕಾದಿದ್ದ. “ಸತ್ತಾತನ್ನ ಹೆಂಗ ಎಬ್ಬಸ್ತೀಯೋ ನೋಡ್ತೀನಿ. ಇವತ್ತು ಜನ ಎದ್ದು ಹೋದ್ರ ಬೆತ್ತ ಇಟ್ಟು ಹೋಗು.”

ಮಧ್ಯಾಹ್ನದ ಆಟ ಶುರುವಾಯಿತು. ತೆರೆಯ ಮೇಲೆ ವೀರ ಒಂದು ಗೀರೂ ಇಲ್ಲದೆ, ತಲೆ ಕೂಡ ಕೆದರದೆ ಎದ್ದು ನಿಂತ.

“ಹಂಪೀ!” ಹೆಂಗಸರ ಪರದೆಯ ಆ ಕಡೆಯಿಂದ ಇಡೀ ಟಾಕೀಸಿಗೆ ಕೇಳುವಂತೆ ಸುಂಕಮ್ಮನ ದನಿ. “ನಿನ್ನ ಗಂಡನ್ನ ಕೇಳು! ನಾ ಯಾರಿಗೆ ತಿಥಿ ಮಾಡಿದ್ನಿ?”

“ಬುರ್ರಕಥೆ ಬಿಡ್ತಾನಲೇ ಇವ!” ಎಂದು ನೆಲದ ಮೇಲಿದ್ದವರು ಸಿಳ್ಳೆ ಹೊಡೆದರು. ಕುರ್ಚಿಯ ಮೇಲಿದ್ದ ವಕೀಲರ ಗುಮಾಸ್ತ ಎದ್ದು, “ರಾಕೆಟ್ಟು ಬಡಿಯೋಕ ಮೊದಲೇ ಆತ ಹೊರಗ ಹಾರಿದ್ದ ಕಣ್ರೀ!” ಎಂದು ನಿಜವನ್ನೇ ಹೇಳಿದ.

“ಹೋದ ವಾರ ಹಾರಿದ್ದು ನಮಗ್ಯಾಕ ಕಾಣ್ಲಿಲ್ಲ? ನಾವೇನ್ ಕುರುಡ್ರಾ? ಕುಂದ್ರಲೇ!” ಎಂದು ಜನ ಅವನನ್ನು ಕೂಡಿಸಿದರು.

ಹಿಂದಿನ ಸಾಲಿನಲ್ಲಿ ನಾಲ್ಕು ಜನ ಹೊರಡಲು ಎದ್ದು ಹೆಗಲ ಮೇಲಿನ ವಲ್ಲಿ ಕೊಡವಿದರು. ಅಷ್ಟರಲ್ಲಿ ತೆರೆಯ ಮೇಲೆ ಚಂದ್ರಲೋಕದವರು ವೀರನನ್ನು ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಸಿ ಹೊಗೆ ಬಿಟ್ಟರು.

ಉಚ್ಚೆಂಗೆಪ್ಪ ಬೆತ್ತ ಎತ್ತಿ ಕುಟ್ಟಿದ. “ನೋಡ್ರೆಪ್ಪಾ! ಸತ್ತಾತ ಖರೇನ ಸತ್ತಿದ್ದ! ಕೊಳಗಲ್ಲಿನಾಗ ತಾಯಂಥಾಕಿ ಒಬ್ಬಾಕಿ ನೀರು ಬಿಟ್ಲು, ಕಾಗಿ ಮುಟ್ತು, ಅದಕ್ಕ ಜೀವ ತಿರುಗಿ ಬಂತು! ತಿಥಿ ಆದಾತ ಮನಿಗೆ ಬಂದ್ರ ನಮ್ಮಾಗ ಏನ್ ಮಾಡ್ತಾರ?”

“ಕೂಸಿನಂಗ ಎರೆದು ಹೊಸಾ ಹೆಸರಿಡ್ತಾರ!” ಎಂದು ನೆಲದವರು ಕೂಗಿದರು.

“ಅಗೋ, ಬಿಸಿನೀರು ಎರೀತಾರ!” ಎಂದು ಉಚ್ಚೆಂಗೆಪ್ಪ ಹೊಗೆಯ ಕಡೆ ಬೆತ್ತ ತೋರಿಸಿದ.

ವಲ್ಲಿ ಕೊಡವಿದವರು ಕೂತರು. ಪೆಟ್ಟಿಗೆಯೊಳಗೆ ವೀರ ಉಸಿರುಗಟ್ಟಿ ಒದ್ದಾಡುತ್ತಿದ್ದ. ಹೆಂಗಸರು ಸಂತೋಷದಿಂದ ಕಣ್ಣೊರೆಸಿಕೊಂಡರು.

“ಹಂಪೀ, ಹೆಸರೇನಂತ ಕೇಳು.”

ಉಚ್ಚೆಂಗೆಪ್ಪ ತಡವರಿಸಿದ. “ಅದನ್ನ... ಅತ್ತೀನ ಹೇಳ್ಲಿ ಅನ್ನು!”

“ಹುಲುಗಪ್ಪ!” ಎಂದಳು ಸುಂಕಮ್ಮ, ಕಿಂಚಿತ್ತೂ ಯೋಚಿಸದೆ.

ಅಲ್ಲಿಂದಾಚೆ ಗುಮಾಸ್ತನೂ ಸೇರಿ ಇಡೀ ಟಾಕೀಸು “ಹೊಡಿ ಹುಲುಗಪ್ಪಾ!” ಎಂದು ಕೂಗಿತು. ಹುಲುಗಪ್ಪ ಚಂದ್ರಲೋಕದವರನ್ನು ಸಾಲಾಗಿ ಕೆಡವಿ, ಕಡೆಗೆ ತಾನೇ ಒಂದು ಪಾತಾಳದ ಬಾಯಿಗೆ ಬಿದ್ದ. ಬಿಳಿ ಅಕ್ಷರ ಬಂದವು. ಈ ಸಲ ಉಚ್ಚೆಂಗೆಪ್ಪ ಬಾಯಿ ಬಿಗಿಹಿಡಿದುಕೊಂಡ.

ಹಂಪಯ್ಯ ಬಾಗಿಲಲ್ಲಿ ಹಲ್ಲು ಕಿಸಿದ. “ಮೂರನೇ ಭಾಗಕ್ಕೂ ನೀನ ನಿಂದ್ರಪ್ಪಾ. ಆ ಅಮ್ಮನ್ನೂ ಕರಕೊಂಡ್ ಬಾ.”

ಗಾಡಿ ಹತ್ತುತ್ತ ಸುಂಕಮ್ಮ ಹೇಳಿದಳು: “ಹಂಪೀ, ನಿನ್ನ ಗಂಡಗ ಹೇಳು. ಹೆಸರಿಟ್ಟ ಮ್ಯಾಲ ಗುಗ್ಗರಿ ಹಂಚಬೇಕು. ಬರೋ ಐತವಾರ ಎರಡು ಗಾಡಿ ಕಟ್ಲಿ, ಓಣಿಯವ್ರನ್ನೆಲ್ಲಾ ಕರಕೊಂಡ್ ಬರ್ತೀನಿ.”